ಕರಗಿಸುವ ಮುಂಚೆ ಚಮಚದ ಬೆನ್ನು ನೋಡಿ

ಕಾಸರಗೋಡಿನ ಹತ್ತಿರದ ನೀರ್ಚಾಲಿನ ನಮ್ಮ ಹಳೇ ಮನೆ ಪಾಲಾದಾಗ ಬಡಿಸುವ ಬೆಳ್ಳಿ ಸಾಮಾನಿನ ಪೆಟ್ಟಿಗೆ ನನ್ನ ಕೈಗೆ ಬಂತು. ತುಪ್ಪದ ಮಿಳ್ಳೆ, ಸೌಟು, ಪಾಯಸ ಬಡಿಸುವ ದೊಡ್ಡ ಚಮಚ, ತೂತು ತೂತಿನ ಅಗಲವಾದ ಸಟ್ಟುಗ. "ಎಲ್ಲ ಕರಗಿಸಿ ಒಂದು ಜೊತೆ ದೀಪ ಮಾಡಿಸುವ" ಎಂದರು ಅಣ್ಣ. ನಾನು ಒಪ್ಪಲಿಲ್ಲ. ಯಾವುದು ಏನು ಅಂತ ಮೊದಲು ತಿಳಿಯಬೇಕು ಅಲ್ವಾ?

ಉಗುರುಬಿಸಿ ನೀರಲ್ಲಿ ತೊಳೆದು, ಒರೆಸಿ, ಭೂತಗನ್ನಡಿ ಹಿಡಿದು ಕೂತೆ. ದೊಡ್ಡ ಚಮಚದ ಹಿಡಿಯ ಹಿಂದೆ ಸಣ್ಣ ಮುದ್ರೆಗಳ ಸಾಲು ಇತ್ತು. ನಡೆಯುವ ಸಿಂಹ ಅಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ನೂರಕ್ಕೆ 92.5 ಪಾಲು ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಒಂದು ಅಕ್ಷರ ವರ್ಷ ಹೇಳುತ್ತದೆ, ಆದರೆ ಅದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಅಕ್ಷರದ ಬರಹವನ್ನೂ ಅದರ ಸುತ್ತಲಿನ ಚೌಕಟ್ಟನ್ನೂ ಸೇರಿಸಿ ನೋಡಬೇಕು. ನನಗೆ ಜಾಸ್ತಿ ಖುಷಿ ಕೊಟ್ಟದ್ದು ರಾಣಿ ವಿಕ್ಟೋರಿಯಾಳ ತಲೆ. ಸುಂಕ ಕಟ್ಟಿದ್ದಕ್ಕೆ ಆಯಾ ಕಾಲದ ದೊರೆಯ ತಲೆಯ ಮುದ್ರೆ ಒತ್ತುವ ಪದ್ಧತಿ 1784ರಲ್ಲಿ ಶುರುವಾಗಿ ವಿಕ್ಟೋರಿಯಾಳ ಕಾಲದಲ್ಲೇ, 1890ಕ್ಕೆ ನಿಂತಿತು. ಅಂದರೆ ನಮ್ಮೂರು ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡಕ್ಕೆ ಸೇರಿದ್ದಾಗಿನ ಚಮಚ ಇದು. ಕಾಸರಗೋಡು ಕೇರಳಕ್ಕೆ ಹೋದದ್ದು 1956ರಲ್ಲಿ.

ಸಟ್ಟುಗದ ಕತೆ ಬೇರೆ. ಇಂಗ್ಲಿಷರು ಅದನ್ನು ಮಾಡಿದ್ದು ಮೀನು ಬಡಿಸಲಿಕ್ಕೆ. ತೂತು ಇರುವುದು ನೀರು ಬಸಿಯಲಿಕ್ಕೆ. ಆಗ ತುಕ್ಕು ಹಿಡಿಯದ ಸ್ಟೀಲು ಇರಲಿಲ್ಲ, ನಿಂಬೆಹುಳಿ ತಾಗಿದರೆ ಕಬ್ಬಿಣದ ರುಚಿ ಮೀನಿಗೆ ಹತ್ತುತ್ತಿತ್ತು, ಅದಕ್ಕೇ ಬೆಳ್ಳಿ. ನಮ್ಮ ಅಜ್ಜಿ ಅದರಲ್ಲಿ ಹೋಳಿಗೆ ಎತ್ತುತ್ತಿದ್ದರು. ಅದರ ಹಿಂದೆ ಇ.ಪಿ.ಎನ್.ಎಸ್. ಎಂದು ಇದೆ, ಅಂದರೆ ಎಲೆಕ್ಟ್ರೋಪ್ಲೇಟೆಡ್ ನಿಕ್ಕಲ್ ಸಿಲ್ವರ್. ತಾಮ್ರ, ಸತು, ನಿಕ್ಕಲ್ ಸೇರಿದ ಲೋಹಕ್ಕೆ ಕರೆಂಟು ಹಾಯಿಸಿ ಬೆಳ್ಳಿಯ ತೆಳು ಲೇಪ ಕೊಟ್ಟದ್ದು. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಅವರು ಪೇಟೆಂಟ್ ಪಡೆದ ವಿಧಾನ ಅದು. ಇದನ್ನು ಕರಗಿಸಿದರೆ ಏನೂ ಸಿಗುವುದಿಲ್ಲ, ಇಟ್ಟುಕೊಂಡರೆ ಹೋಳಿಗೆಗೆ ಚೆನ್ನಾಗಿದೆ.

ಊರಿನ ಆಚಾರಿಗಳು ಮಾಡಿದ ಮಿಳ್ಳೆ, ಸೌಟುಗಳಿಗೆ ಮುದ್ರೆಯೇ ಇಲ್ಲ. ಅವಕ್ಕೆ ನೀರಿನ ಪರೀಕ್ಷೆ ಮಾಡಿದೆ. ಗ್ರಾಮನ್ನು ಒಂದು ದಶಾಂಶದವರೆಗೆ ತೋರಿಸುವ ತಕ್ಕಡಿ ಬೇಕು. ಸಾಮಾನನ್ನು ಮೊದಲು ಒಣಗಿದ್ದಾಗಲೇ ತೂಗಿ. ಆಮೇಲೆ ನೀರಿನ ಜಗ್ಗನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ. ಸಾಮಾನಿಗೆ ನೂಲು ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕೆ ತಾಗದ ಹಾಗೆ ಇಳಿಬಿಡಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ, ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ತಿಳಿಯುತ್ತದೆ. 72.5 ಗ್ರಾಂ ಸಾಮಾನಿಗೆ 7 ಬಂದರೆ 10.3ರ ಮೇಲಾಯಿತು, ಸ್ಟರ್ಲಿಂಗ್ ಬೆಳ್ಳಿ ಇರುವುದು ಅಲ್ಲೇ. ನಿಕ್ಕಲ್ ಬೆರಕೆಯದು 8.7ರ ಆಸುಪಾಸು ನಿಲ್ಲುತ್ತದೆ. ಮಿಳ್ಳೆಯೊಳಗೆ ಗಾಳಿ ಗುಳ್ಳೆ ಉಳಿಯಬಾರದು. ಇನ್ನೂ ಅನುಮಾನ ಇದ್ದರೆ ಆಚಾರಿಯ ಒರೆಗಲ್ಲಿನಲ್ಲೂ ನೋಡಿಸಬಹುದು.

ಕಪ್ಪು ತೆಗೆಯಲು ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು ಸಾಕು. ಗಂಧಕ ಅಲ್ಯೂಮಿನಿಯಮ್ಮಿಗೆ ಹೋಗುತ್ತದೆ, ಬೆಳ್ಳಿ ಸವೆಯುವುದಿಲ್ಲ. ಆದರೆ ಹೂಬಳ್ಳಿ ಕೆತ್ತಿದ ಮಿಳ್ಳೆಗೆ ಇದು ಬೇಡ. ಗೆರೆಗಳೊಳಗಿನ ಕಪ್ಪು ಹೋದರೆ ಕೆತ್ತನೆಯೇ ಕಾಣುವುದಿಲ್ಲ. ಅದಕ್ಕೆ ಅಂಟುವಾಳದ ನೀರು, ಮೆತ್ತನೆ ಬಟ್ಟೆ ಅಷ್ಟೆ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರೆ ಮುದ್ರೆಗಳು ಅಳಿಸಿಹೋಗುತ್ತವೆ. ಕಟ್ಟಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ.

ದೀಪ ಮಾಡಿಸುವ ಮಾತು ಈಗ ಬಿಟ್ಟಿದ್ದೇವೆ. ಹಬ್ಬದ ಊಟಕ್ಕೆ ಇವನ್ನೇ ಹೊರಗೆ ತೆಗೆಯುತ್ತೇವೆ. ಉಪ್ಪಿನಕಾಯಿಗೆ ಮಾತ್ರ ಮುಟ್ಟಿಸುವುದಿಲ್ಲ. ಉಪ್ಪು ಹಾಗೇ ಉಳಿದರೆ ಬೆಳ್ಳಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ.