ಮಕ್ಕಳ ಬಗ್ಗೆ ಓದಲು ಮುಂಬಯಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ

ಮಕ್ಕಳ ಬೆಳವಣಿಗೆ, ಶಿಕ್ಷಣ, ಕುಟುಂಬ. ಇವನ್ನೇ ವಿಷಯ ಮಾಡಿಕೊಂಡು ಎಂ.ಎ., ಎಂ.ಎಸ್ಸಿ. ಓದಲು ನಮ್ಮ ಕಡೆಯಿಂದ ವರ್ಷವೂ ಒಂದಷ್ಟು ಜನ ಮುಂಬಯಿಗೆ ಬರುತ್ತಾರೆ. ಧಾರವಾಡದವರು, ಉಡುಪಿಯವರು, ಕಲಬುರಗಿಯವರು. ಒಮ್ಮೊಮ್ಮೆ ದುಬೈ, ಮಸ್ಕತ್‌ನಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳೂ ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಹಾಸ್ಟೆಲ್, ಫೀಸು, ಲೋಕಲ್ ಟ್ರೇನು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಈ ಊರಲ್ಲಿ ಇದೇ ಓದು ಓದಿ, ಇದೇ ಕೆಲಸದಲ್ಲಿ ನಿಂತವಳು ನಾನು. ನನಗೆ ಹೇಳಲೇಬೇಕಾದದ್ದು ಬೇರೆ ಇದೆ.

ಎಸ್‌ಎನ್‌ಡಿಟಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ, 1916ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರು ಕಟ್ಟಿದ್ದು. ಮಕ್ಕಳ ಬೆಳವಣಿಗೆ ಕಲಿಸುವ ವಿಭಾಗ ಜುಹು ಕ್ಯಾಂಪಸ್ಸಿನಲ್ಲಿದೆ. ಸಾಂತಾಕ್ರೂಜ್‌ನಲ್ಲಿ ಇಳಿದು ಬಸ್ಸೋ ಆಟೋನೋ ಹಿಡಿಯಿರಿ. 1936ರಲ್ಲಿ ಶುರುವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಟಿಸ್, ದೇವನಾರ್‌ನಲ್ಲಿದೆ. ಹಾರ್ಬರ್ ಲೈನಿನ ಗೋವಂಡಿ ಹತ್ತಿರ. ಮರೀನ್ ಲೈನ್ಸ್ ಕಡೆ ನಿರ್ಮಲಾ ನಿಕೇತನ ಕಾಲೇಜು ಇದೆ. ಪ್ರವೇಶದ ನಿಯಮ ವರ್ಷ ವರ್ಷ ಬದಲಾಗುತ್ತದೆ, ಅವರವರ ವೆಬ್‌ಸೈಟನ್ನೇ ನೋಡಿ. ಟ್ರೇನ್ ಪಾಸಿಗೆ ಕಾಲೇಜಿನಿಂದ ಕನ್ಸೆಷನ್ ಫಾರ್ಮ್ ತಗೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇದ್ದು 180 ದಿನಕ್ಕಿಂತ ಜಾಸ್ತಿ ಅವಧಿಯ ವಿದ್ಯಾರ್ಥಿ ವೀಸಾ ಮೇಲೆ ಬಂದಿದ್ದರೆ, ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು, ಅದು ಆನ್‌ಲೈನ್. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದವರಿಗೆ ಆ ನೋಂದಣಿ ಬೇಡ. ಹೊರದೇಶದ ಡಿಗ್ರಿ ಇದ್ದರೆ ಅದು ಇಲ್ಲಿನ ಡಿಗ್ರಿಗೆ ಸಮ ಎಂದು ಹೇಳುವ ಸಮಾನತೆ ಪತ್ರವನ್ನು ಬರುವ ಮೊದಲೇ ಮಾಡಿಸಿಕೊಳ್ಳಿ.

ಇನ್ನು ಫೀಲ್ಡ್‌ವರ್ಕ್. ಈ ಓದು ಕ್ಲಾಸಿನಲ್ಲಿ ಅರ್ಧ, ಹೊರಗೆ ಅರ್ಧ. ಬಾಲವಾಡಿ, ಅಂಗನವಾಡಿ, ಮುನಿಸಿಪಾಲಿಟಿ ಶಾಲೆ, ಕಟ್ಟಡ ಏಳುತ್ತಿರುವ ಜಾಗದಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್, ಎಲ್ಲಿಗೆ ಬೇಕಾದರೂ ಹಾಕುತ್ತಾರೆ. ಹಿಂದಿ ಬರುತ್ತೆ, ಸಾಕು ಅಂತ ಸುಮ್ಮನಿರಬೇಡಿ. ಅಂಗನವಾಡಿ ಸೇವಿಕೆಯ ರಿಜಿಸ್ಟರ್ ಇರುವುದು ಮರಾಠಿಯಲ್ಲಿ. ಲಿಪಿ ಹಿಂದಿಯದೇ ಆದ್ದರಿಂದ ಓದುವುದು ಬೇಗ ಬರುತ್ತದೆ. ಬೆಳಗಾವಿ, ವಿಜಯಪುರ ಕಡೆಯವರಿಗೆ ಕಿವಿ ಆಗಲೇ ತಯಾರಿರುತ್ತದೆ. ಕ್ಲಾಸಿನಲ್ಲಿ ಇಂಗ್ಲಿಷ್, ಬಾಲವಾಡಿಯಲ್ಲಿ ಮರಾಠಿ. ಇಷ್ಟಾದರೆ ನಿಮ್ಮ ಓದು ನಡೆಯುತ್ತದೆ.

ಆದರೆ ಇಲ್ಲಿ ನಿಮ್ಮ ಜೊತೆ ಓದುವ ಹೆಚ್ಚಿನವರಿಗೆ ಬಾರದ ಒಂದು ಮಾತು ನಿಮಗೆ ಬರುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಕೂಲಿಗೆ ಬಂದವರು ಮುಂಬಯಿ, ಠಾಣೆ, ಪುಣೆಯ ಕಟ್ಟಡಗಳಲ್ಲಿ ತುಂಬಾ ಜನ ಇದ್ದಾರೆ. ಜೊತೆಗೆ ಮಕ್ಕಳೂ ಇರುತ್ತಾರೆ. ತಗಡಿನ ಶೆಡ್ಡಿನಲ್ಲಿ ವಾಸ. ಈ ಮಕ್ಕಳು ಹಿಂದಿ, ಮರಾಠಿಯಲ್ಲಿ ನಡೆಯುವ ಕ್ರೆಶ್ಶಿನಲ್ಲಿ ಬಂದು ಕೂತಾಗ ಏನಾಗುತ್ತದೆ ಎಂದು ನೀವು ನೋಡಬೇಕು.

ಒಂದು ಕ್ರೆಶ್ಶಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಮಾತೇ ಆಡುತ್ತಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದ. ಟೀಚರ್ ಚಿತ್ರದ ಕಾರ್ಡ್ ಹಿಡಿದು ಮರಾಠಿಯಲ್ಲಿ ಕೇಳಿದರೆ ಕಾರ್ಡ್ ನೋಡುತ್ತಿದ್ದ, ಅಷ್ಟೆ. ಅವನ ಫಾರ್ಮಿನಲ್ಲಿ ‘ಮಾತಿನ ಬೆಳವಣಿಗೆ ನಿಧಾನ’ ಎಂದು ಟಿಕ್ ಬಿದ್ದಿತ್ತು. ಅವನ ಅವ್ವ ಯಾದಗಿರಿ ಕಡೆಯವಳು. ನಾನು ಅದೇ ಎತ್ತಿನ ಚಿತ್ರ ಹಿಡಿದು “ಇದೇನದ ಹೇಳಪಾ” ಅಂದೆ. ಕಾರ್ಡನ್ನು ಕೈಗೆ ತಗೊಂಡ. ತಿರುಗಿಸಿ ನೋಡಿದ. “ಇದು ನಮ್ಮ ಎತ್ತು ಅಲ್ಲರಿ. ನಮ್ಮ ಎತ್ತಿಂದು ಒಂದು ಕೋಡು ಮುರದದ” ಅಂದ. ಕೋಡು ಹೇಗೆ ಮುರಿಯಿತು, ಅಪ್ಪ ಯಾರನ್ನು ಬೈದ, ಎತ್ತು ಈಗ ಯಾರ ಹೊಲದಲ್ಲಿದೆ, ಎಲ್ಲ ಹೇಳಿದ. ಟೀಚರ್ ಒಳ್ಳೆಯ ಹೆಣ್ಣುಮಗಳು, ಕೆಲಸದಲ್ಲಿ ಶ್ರದ್ಧೆ ಇದ್ದವಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆ ಫಾರ್ಮಿನಲ್ಲೂ ಮನೆಯಲ್ಲಿ ಯಾವ ಮಾತು ಆಡುತ್ತಾರೆ ಎಂದು ಕೇಳುವ ಸಾಲೇ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ. ಯಾವ ಮಗುವಿನ ಬಗ್ಗೆ ಏನೇ ಬರೆಯುವ ಮೊದಲು, ಮನೆಮಾತು ಯಾವುದು ಎಂದು ಕೇಳಿ, ಮೇಲಿನ ಸಾಲಿನಲ್ಲೇ ಬರೆಯಿರಿ. ಫಾರ್ಮಿನಲ್ಲಿ ಜಾಗ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಸೂಪರ್‌ವೈಸರ್ ಹತ್ತಿರ ಹೋಗಿ “ಈ ಮಗುವನ್ನು ಕನ್ನಡದಲ್ಲಿ ಇನ್ನೊಮ್ಮೆ ನೋಡೋಣ” ಅನ್ನಿ. ಇದು ಹೊಸ ಬೇಡಿಕೆ ಏನಲ್ಲ. 1930ರ ದಶಕದಲ್ಲೇ ವಿ. ವಿ. ಕಾಮತರು ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಬಾಂಬೆ-ಕರ್ನಾಟಕ ಪರಿಷ್ಕರಣೆ ಎಂದೇ ಅದಕ್ಕೆ ಹೆಸರು. ಮನಃಶಾಸ್ತ್ರದ ಕ್ಲಾಸಿನಲ್ಲಿ ಬಿನೆ-ಕಾಮತ್ ಪರೀಕ್ಷೆ ಬಂದಾಗ ಒಂದು ಅಂಕದ ಪ್ರಶ್ನೆ ಅಂತ ದಾಟಿ ಹೋಗಬೇಡಿ. ಮಗುವಿನ ಬುದ್ಧಿಯನ್ನು ಮಗುವಿನ ಮಾತಿನಲ್ಲೇ ನೋಡಬೇಕು ಎಂದು ಅಷ್ಟು ಹಿಂದೆಯೇ ಒಬ್ಬರು ಕೂತು ಕೆಲಸ ಮಾಡಿದ್ದರು.

ಒಂದು ರಜೆಯಲ್ಲಿ ಪಾಲಘರ್ ಜಿಲ್ಲೆಯ ಬೋರ್ಡಿ, ಕೋಸ್ಬಾಡ್‌ಗೆ ಹೋಗಿ ಬನ್ನಿ. 1945ರಲ್ಲಿ ತಾರಾಬಾಯಿ ಮೋಡಕ್ ಬೋರ್ಡಿಯಲ್ಲಿ ಬಾಲವಾಡಿ ತೆರೆದರು, ಅನುತಾಯಿ ವಾಘ್ ಜೊತೆಯಾದರು. ಬಡ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಬರಲಿಲ್ಲ ಅಂತ ತಂದೆತಾಯಿಯನ್ನು ದೂರದೆ, ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. 1975ರಲ್ಲಿ ಊರೂರಲ್ಲಿ ಅಂಗನವಾಡಿ ನಡೆಸುವ ಕೇಂದ್ರ ಸರ್ಕಾರದ ಯೋಜನೆ ಐಸಿಡಿಎಸ್ ಶುರುವಾದಾಗ ನಮ್ಮ ಟಿ. ನರಸೀಪುರವೂ ಮೊದಲ 33 ಜಾಗಗಳಲ್ಲಿ ಒಂದಾಗಿತ್ತು. ನೀವು ಊರಲ್ಲಿ ಅಂಗನವಾಡಿಗೆ ಹೋಗಿ ಉಪ್ಪಿಟ್ಟು ತಿಂದು ಬೆಳೆದಿದ್ದರೆ, ಅದರ ಒಂದು ಬೇರು ಇಲ್ಲೇ ಇದೆ.

ಕುಟುಂಬದ ವಿಷಯಕ್ಕೆ ಬಂದರೆ, ನಿಮ್ಮ ಪುಸ್ತಕಗಳಲ್ಲಿ ಮನೆ ಅಂದರೆ ಅಪ್ಪ, ಅಮ್ಮ, ಒಂದೆರಡು ಮಕ್ಕಳು. ಮುಂಬಯಿ ಕನ್ನಡಿಗರ ಮನೆಗಳು ಹಾಗಿರಲಿಲ್ಲ, ಈಗಲೂ ಎಲ್ಲ ಹಾಗಿಲ್ಲ. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಗಂಡಸರು ಇಲ್ಲಿದ್ದರು, ಹೆಂಡತಿ ಮಕ್ಕಳು ಊರಲ್ಲಿದ್ದರು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಮಗುವಿನ ಓದು, ಮದುವೆ ಎಲ್ಲದರಲ್ಲೂ ಸೋದರಮಾವನ ಮಾತೇ ದೊಡ್ಡದು. ಉತ್ತರ ಕರ್ನಾಟಕದ ಕೂಲಿಯವರಲ್ಲಿ ದೊಡ್ಡ ಮಗ ಅಜ್ಜಿ ಹತ್ತಿರ ಊರಲ್ಲಿ, ಚಿಕ್ಕವರು ಇಲ್ಲಿ. ಮನೆ ಭೇಟಿಗೆ ಹೋದಾಗ “ತಂದೆ ಎಲ್ಲಿ” ಎಂದು ಕೇಳಿ, ಇಲ್ಲ ಅಂದ ಕೂಡಲೇ ‘ಒಡೆದ ಕುಟುಂಬ’ ಎಂದು ಬರೆದುಬಿಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಮಗುವಿಗೆ ಜ್ವರ ಬಂದರೆ ಯಾರು ಎದ್ದು ಕೂರುತ್ತಾರೆ, ಶಾಲೆ ಬಿಡಿಸುವ ತೀರ್ಮಾನ ಯಾರದು ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಚಹಾ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ನಮ್ಮವರಿಗೆ ಎಷ್ಟು ಬೇಜಾರಾಗುತ್ತೆ ಅಂತ ನಿಮಗೇ ಗೊತ್ತಲ್ವಾ.

ಕಾನೂನಿನ ಎರಡು ಮಾತು ಬಾಯಿಪಾಠ ಇರಲಿ. ದಸರಾ ದೀಪಾವಳಿ ಕಳೆದ ಮೇಲೆ ಊರು ಬಿಟ್ಟು ಬಂದು, ಮಳೆಗಾಲಕ್ಕೆ ಬಿತ್ತನೆಗೆ ವಾಪಸ್ ಹೋಗುವ ಮನೆಗಳ ಮಕ್ಕಳು ಎರಡೂ ಕಡೆ ಶಾಲೆ ಕಳೆದುಕೊಳ್ಳುತ್ತಾರೆ. ಟಿಸಿ ಇಲ್ಲ, ಜನನ ಪತ್ರ ಇಲ್ಲ ಎಂದು ವಾಪಸ್ ಕಳಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು ಹೇಳಿ: 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ, ಟಿಸಿ ತಡವಾಯಿತು ಎಂಬುದೂ ನೆಪವಾಗುವಂತಿಲ್ಲ. ಇನ್ನೊಂದು, 2012ರ ಪೋಕ್ಸೊ ಕಾಯ್ದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಅದೇ ದಿನ ಸೂಪರ್‌ವೈಸರ್‌ಗೂ ಹೇಳಿ. ಮಕ್ಕಳ ಸಹಾಯವಾಣಿ 1098. ಮಗುವಿಗೆ “ಯಾರಿಗೂ ಹೇಳಲ್ಲ” ಎಂದು ಮಾತು ಕೊಡಬೇಡಿ, ಎಷ್ಟೇ ಕರುಳು ಚುರ್ ಅಂದರೂ.

ಈ ಊರಿನ ಕನ್ನಡದವರ ಪರಿಚಯ ಮಾಡಿಕೊಳ್ಳಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಓದಿದ ಹಿರಿಯರು ಇನ್ನೂ ಇದ್ದಾರೆ. ಅವರಿಂದ ಕಲಿಯುವಷ್ಟು ಶಿಕ್ಷಣದ ಚರಿತ್ರೆ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ. ಕೂತು ಕೇಳಿ, ಬರೆದುಕೊಳ್ಳಿ, ಪ್ರಬಂಧಕ್ಕೇ ಅದನ್ನು ತಗೊಳ್ಳಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ, ಕಾಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಎಲ್ಲಿ ಹೋಗಿ ಕೇಳಿದರೂ ಯಾರಾದರೂ ದಾರಿ ತೋರಿಸುತ್ತಾರೆ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಅದರಲ್ಲಿ ಕನ್ನಡವೂ ಒಂದು. ಆ ಕನ್ನಡ ತರಗತಿಗಳು ಖಾಲಿಯಾಗುತ್ತ ಬಂದಿವೆ. ಮನೆಗಳು ದೂರದ ಉಪನಗರಗಳಿಗೆ ಹೋದವು, ತಂದೆತಾಯಿ ಇಂಗ್ಲಿಷ್ ಶಾಲೆ ಬಯಸಿದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಅಜ್ಜಿಯ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡುತ್ತಾಳೆ. ಓದಲು ಬರುವುದಿಲ್ಲ. ಅಜ್ಜ ಬರೆದ ಕಾಗದಗಳನ್ನು ನಾನೇ ಓದಿ ಹೇಳಬೇಕು. ನಾನು ಇಲ್ಲದ ಮೇಲೆ ಆ ಕಾಗದಗಳು ಅವಳಿಗೆ ಏನಾಗುತ್ತವೆ ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕು ಎಂದು 2020ರ ಶಿಕ್ಷಣ ನೀತಿ ಹೇಳುತ್ತದೆ, ಸಾಧ್ಯವಾದಲ್ಲೆಲ್ಲ ಎಂಬ ಮಾತು ಸೇರಿಸಿ. ಸಾಧ್ಯ ಮಾಡುವವರು ಯಾರು? ನಿಮ್ಮಂಥವರು ಓದಿ ಬಂದು ಬಾಲವಾಡಿಯಲ್ಲಿ ನಿಂತರೆ ಮಾತ್ರ ಅದು ಆಗುತ್ತದೆ ಎಂದು ನಾನು ನಂಬಿದ್ದೇನೆ.

ಕೊನೆಗೆ, ಫೀಲ್ಡ್‌ವರ್ಕ್ ಮುಗಿಯುವ ಹೊತ್ತಿನ ಒಂದು ಕೆಲಸ. ನೀವು ಹೋಗುತ್ತೀರಿ ಎಂದು ಮಕ್ಕಳಿಗೆ ಮೊದಲೇ ಹೇಳಿ, ಕಡೆಯ ದಿನದವರೆಗೆ ಮುಚ್ಚಿಡಬೇಡಿ. ಎಷ್ಟೋ ಸಲ ಅವರೇ ಮೊದಲು ಹೋಗುತ್ತಾರೆ. ಕಟ್ಟಡ ಮುಗಿದ ಕೂಡಲೇ ಕೂಲಿಯವರ ಮೇಸ್ತ್ರಿ, ಮುಕಾದಮ್, ಟೆಂಪೋ ಕರೆಸಿಬಿಡುತ್ತಾನೆ. ಅದಕ್ಕೇ ಪ್ರತಿ ಕನ್ನಡದ ಮಗುವಿಗೂ ಒಂದು ಹಾಳೆ ಮೊದಲೇ ಬರೆದಿಡಿ, ಊರಿನ ಟೀಚರಿಗೆ, ಕನ್ನಡದಲ್ಲಿ. ಹೆಸರು, ವಯಸ್ಸು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇಲ್ಲಿ ಬಂದ, ಯಾವ ಅಕ್ಷರ ಗುರುತಿಸುತ್ತಾನೆ, ಎಷ್ಟರವರೆಗೆ ಎಣಿಸುತ್ತಾನೆ, ಯಾವುದಕ್ಕೆ ಹೆದರುತ್ತಾನೆ. ಕೆಳಗೆ ಕ್ರೆಶ್ಶಿನ ಸೀಲು ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅವ್ವನ ಕೈಗೆ ಕೊಡಿ. ಆಧಾರ್ ಕಾರ್ಡ್ ಇಡುವ ಕಡೆಯೇ ಇದನ್ನೂ ಇಡಲು ಹೇಳಿ.