ಉದ್ಘಾಟನೆಯ ಮಾರನೇ ದಿನ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನನ್ನದೊಂದು ಫ್ರೇಮ್ ಅಂಗಡಿ. ದೇವರ ಫೋಟೋ, ಮದುವೆ ಫೋಟೋ, ಸನ್ಮಾನಪತ್ರ, ತೀರಿಕೊಂಡವರ ಫೋಟೋ, ಇವುಗಳಿಂದಲೇ ಹೊಟ್ಟೆ ತುಂಬುತ್ತದೆ. ಅಂಗಡಿಯ ಹಿಂದೆ ಹಳೇ ಅಡಿಕೆ ಮಂಡಿಯೊಂದರ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಒಬ್ಬರು ಡ್ರಾಯಿಂಗ್ ಮೇಷ್ಟ್ರು, ಒಬ್ಬ ಫೋಟೋಗ್ರಾಫರ್, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೇಡಂ, ಜೊತೆಗೆ ನಾನು. ನಾಲ್ಕು ಜನ ಸೇರಿ ಅದನ್ನೇ ಗ್ಯಾಲರಿ ಮಾಡಿಕೊಂಡೆವು.

ಈಗ ಬೇರೆ ಊರಿನವರು ಬಂದು, ನಾವೂ ಒಂದು ಶುರು ಮಾಡಬೇಕು ಅಂತ ವಿಚಾರಿಸುತ್ತಾರೆ. ಅವರ ಮೊದಲ ಪ್ರಶ್ನೆ, ಉದ್ಘಾಟನೆಗೆ ಯಾರನ್ನು ಕರೆಯೋಣ ಅಂತ. ಉದ್ಘಾಟನೆಗೆ ಜನ ಬಂದೇ ಬರುತ್ತಾರೆ. ನೆಂಟರು, ಗೆಳೆಯರು, ಅತಿಥಿಯ ಹಿಂದೆ ಬಂದವರು, ಕಾಫಿ ಉಪ್ಪಿಟ್ಟು. ಮಾರನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಯಾರು ಬರುತ್ತಾರೆ? ನಮ್ಮ ಕೆಲಸವೆಲ್ಲ ಆ ಮೂರು ಗಂಟೆಯ ಸುತ್ತಲೇ ನಡೆದದ್ದು.

ನಮ್ಮ ಸೀಮೆಗೆ ನೋಡುವ ಅಭ್ಯಾಸ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ನಾಟಕ ಸಂಸ್ಥೆ ಇದೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತೋಟದ ಕೆಲಸ ಮುಗಿಸಿ ಕೈಕಾಲು ತೊಳೆದು ನಾಟಕಕ್ಕೆ ಹೋಗುವ ಜನ ಇದ್ದಾರೆ. ಯಕ್ಷಗಾನಕ್ಕೆ ರಾತ್ರಿಯೆಲ್ಲ ಕೂರುವವರಿದ್ದಾರೆ. ವ್ಯತ್ಯಾಸ ಇರುವುದು ಬೇರೆ ಕಡೆ. ನಾಟಕಕ್ಕೆ ಒಂದು ಹೊತ್ತು ಗೊತ್ತಾಗಿರುತ್ತದೆ. ಏಳು ಗಂಟೆಗೆ ಅಂದರೆ ಏಳಕ್ಕೆ ಹೋಗಬೇಕು. ಗೋಡೆ ಮೇಲಿನ ಚಿತ್ರಕ್ಕೆ ಹೊತ್ತಿಲ್ಲ. ಇವತ್ತು ಹೋದರೂ ಅದೇ, ನಾಳೆ ಹೋದರೂ ಅದೇ. ಹಾಗಾಗಿ ಯಾವತ್ತೂ ಹೋಗುವುದಿಲ್ಲ!

ಅದಕ್ಕೆ ನಾವು ಚಿತ್ರಕ್ಕೂ ಒಂದು ಹೊತ್ತು ಕೊಟ್ಟೆವು. ಪ್ರದರ್ಶನ ಇರುವಷ್ಟು ದಿನವೂ ಸಂಜೆ ಐದು ಗಂಟೆಗೆ ಒಂದು ಚಿತ್ರದ ಮುಂದೆ ಒಬ್ಬರು ಹದಿನೈದು ನಿಮಿಷ ಮಾತಾಡುತ್ತಾರೆ. ಮೈಕ್ ಇಲ್ಲ, ಕುರ್ಚಿ ಇಲ್ಲ. ಮಾತಾಡುವವರು ಕಲಾವಿಮರ್ಶಕರೇ ಆಗಬೇಕೆಂದಿಲ್ಲ. ಶರಾವತಿ ಹಿನ್ನೀರಿನ ಚಿತ್ರದ ಮುಂದೆ ಹಿನ್ನೀರಿನಲ್ಲಿ ಜಮೀನು ಮುಳುಗಿದ ಮನೆಯ ಹಿರಿಯರೊಬ್ಬರನ್ನು ನಿಲ್ಲಿಸಿದೆವು. ಅವರು ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ನೀರು ಇಳಿದಾಗ ನಮ್ಮ ಗದ್ದೆ ಹಾಳಿ ಕಾಣ್ತದೆ, ಇವರು ಅದನ್ನ ಬರೆದಿಲ್ಲ" ಅಂದರು. ಚಿತ್ರ ಬರೆದ ಹುಡುಗ ಅಲ್ಲೇ ಇದ್ದ. ಆಮೇಲೆ ಇಬ್ಬರೂ ತುಂಬಾ ಹೊತ್ತು ಮಾತಾಡಿದರು. ಐದು ಗಂಟೆ ಅಂತ ಇಟ್ಟಿದ್ದಕ್ಕೂ ಕಾರಣ ಇದೆ. ಹಳ್ಳಿ ಬಸ್ಸು ಹಿಡಿಯುವವರಿಗೆ ಅದಕ್ಕಿಂತ ತಡವಾದರೆ ಆಗುವುದಿಲ್ಲ.

ಸಂತೆ ದಿನ ಮಾತ್ರ ಬೆಳಿಗ್ಗೆ ಬೇಗ ಬಾಗಿಲು ತೆಗೆಯುತ್ತೇವೆ. ಸಾಮಾನು ಕೊಂಡು, ಮಂಡಿ ಲೆಕ್ಕ ಮುಗಿಸಿ, ಬಸ್ಸಿಗೆ ಕಾಯುವ ಜನ ಕೈಚೀಲ ಬಾಗಿಲಲ್ಲಿಟ್ಟು ಒಳಗೆ ಬರುತ್ತಾರೆ. ಕುಡಿಯಲು ನೀರು, ಕೂರಲು ಒಂದು ಬೆಂಚು ಇಟ್ಟಿದ್ದೇವೆ. ಬೆಂಚನ್ನು ಚಿತ್ರದ ಕಡೆ ಮುಖ ಮಾಡಿ ಹಾಕಬೇಕು. ಇಷ್ಟು ಸಣ್ಣ ವಿಷಯವನ್ನೂ ಎಷ್ಟೋ ಕಡೆ ಮರೆಯುತ್ತಾರೆ.

ಇನ್ನು ವರ್ಷದ ಲೆಕ್ಕ. ಮಲೆನಾಡಿನಲ್ಲಿ ಗ್ಯಾಲರಿಯ ಕ್ಯಾಲೆಂಡರನ್ನು ಬರೆಯುವುದು ಮಳೆ ಮತ್ತು ಅಡಿಕೆ. ಅಡಿಕೆ ಕೊಯ್ಲು ಶುರುವಾಯಿತು ಅಂದರೆ ಮುಗಿಯಿತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನವೇ ಕೊಯ್ಲು. ರಾತ್ರಿ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ನೀವು ಯಾರ ಚಿತ್ರ ತಂದು ಹಾಕಿದರೂ ಹಳ್ಳಿ ಕಡೆಯವರು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆ, ಉಪನಯನ. ಮಾರ್ಚ್‌ನಲ್ಲಿ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ಊರಲ್ಲಿ ಮಾರಿಕಾಂಬಾ ಜಾತ್ರೆ. ಆಗ ನಾವೇ ಅಲ್ಲಿರುತ್ತೇವೆ. ಹೀಗೆ ಕಳೆಯುತ್ತಾ ಹೋದರೆ ದೊಡ್ಡ ಪ್ರದರ್ಶನಕ್ಕೆ ಉಳಿಯುವುದು ಎರಡು ಸಮಯ. ದಸರಾ ರಜೆಯ ಆಸುಪಾಸು ಒಂದು, ಸಂಕ್ರಾಂತಿ ಆದ ಮೇಲೆ ಒಂದು.

ಮಳೆಗಾಲದಲ್ಲಿ ಕಾಗದದ ಮೇಲಿನ ಚಿತ್ರ ಹಾಕುವುದೇ ಇಲ್ಲ. ಇದು ಫ್ರೇಮ್ ಅಂಗಡಿಯವನ ಹಟ ಅಂದುಕೊಳ್ಳಿ. ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿ ಹಾಗೇ ನಿಂತರೆ ಬೂಸು ಹಿಡಿಯಲು ಶುರು. ಜುಲೈನಲ್ಲಿ ನಮ್ಮ ಕೋಣೆಯ ಮಾಪಕ 90ರ ಮೇಲೆ ತೋರಿಸುತ್ತಿರುತ್ತದೆ. ಜಲವರ್ಣದ ಮೇಲೆ ಕಂದು ಚುಕ್ಕೆ ಬಿದ್ದರೆ ಆಮೇಲೆ ಅದನ್ನು ತೆಗೆಯುವುದು ನಮ್ಮಂಥವರ ಕೈಲಿ ಆಗುವ ಕೆಲಸ ಅಲ್ಲ. ಹಾಗಾಗಿ ಜೂನ್‌ಗೆ ಮೊದಲೇ ಕಾಗದವೆಲ್ಲ ಬಿಗಿ ಮುಚ್ಚಳದ ಡಬ್ಬಿಗೆ ಹೋಗುತ್ತದೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ನೀಲಿ ಬಣ್ಣದ್ದು ಬೇಡ, ಅದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ್ದು ತನ್ನಿ. ಅದು ಹಸಿರಾದರೆ ನೀರು ಕುಡಿದಿದೆ ಅಂತ ಲೆಕ್ಕ. ಅಡುಗೆಗೆ ಬಳಸದ ಬೇರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ಹೊಗೆ ಅಟ್ಟದ ಮೇಲಿಟ್ಟರೆ ಸಾಲದಾ ಅಂತ ಕೇಳುವವರಿದ್ದಾರೆ. ಬೂಸು ಹಿಡಿಯುವುದಿಲ್ಲ, ನಿಜ. ಆದರೆ ಚಿತ್ರ ಕಪ್ಪಾಗುತ್ತದೆ.

ಹಾಗಂತ ನಾಲ್ಕು ತಿಂಗಳು ಬೀಗ ಹಾಕಲಾಗುತ್ತದೆಯೇ? ಮಳೆಗಾಲ ಕೈಕೆಲಸದ ಕಾಲ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಬೆಂಡಿನಲ್ಲಿ ಬಾಸಿಂಗ ಮಾಡುವವರೂ ಅವರೇ. ಅಂಥ ಒಬ್ಬರು ಹಾಲ್‌ನಲ್ಲೇ ಕೂತು ಕೆತ್ತುತ್ತಾರೆ, ಜನ ಸುತ್ತ ಕೂತು ನೋಡುತ್ತಾರೆ. ಹೊರಗೆ ಮಳೆ ಹೊಯ್ಯುತ್ತಿದ್ದರೆ ಯಾರೂ ಬೇಗ ಎದ್ದು ಹೋಗುವುದಿಲ್ಲ. ಅದೊಂದು ಅನುಕೂಲ.

ಅಕ್ಟೋಬರ್ ಸುಮಾರಿಗೆ ಮಾಡಿದ ಹಸೆ ಚಿತ್ತಾರದ ಪ್ರದರ್ಶನ ನಮಗೆ ಜಾಸ್ತಿ ಕಲಿಸಿತು. ನಮ್ಮ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಮ್ಮಲ್ಲಿ ಮೊದಲು ಬಂದ ಸಲಹೆ, ಅವರಿಂದ ಕಾಗದದ ಮೇಲೆ ಬರೆಸಿ ಫ್ರೇಮ್ ಹಾಕಿ ತೂಗುಹಾಕೋಣ ಅಂತ. ನನ್ನ ಅಂಗಡಿಗೆ ವ್ಯಾಪಾರ ಆಗುತ್ತಿತ್ತು ಬಿಡಿ. ಆದರೆ ಡ್ರಾಯಿಂಗ್ ಮೇಷ್ಟ್ರು, ಬರೆದು ಮುಗಿದದ್ದನ್ನು ಯಾಕೆ ತೋರಿಸಬೇಕು, ಬರೆಯುವುದನ್ನೇ ತೋರಿಸೋಣ ಅಂದರು. ಅದೇ ಸರಿಯಾಯಿತು. ದೊಡ್ಡ ಪ್ಲೈವುಡ್ ಹಲಗೆಗೆ ಮಣ್ಣು ಮೆತ್ತಿ, ಕೆಮ್ಮಣ್ಣು ಸಾರಿಸಿ, ಗೋಡೆಗೆ ಒರಗಿಸಿದೆವು.

ಬಂದ ಅಜ್ಜಿ ಹಲಗೆ ಮುಟ್ಟಿ ನೋಡಿ ಕೇಳಿದ್ದು, "ಇದು ಯಾರ ಮದುವೆಗೆ ತಮಾ?"

"ಮದುವೆಗಲ್ಲ ಅಮ್ಮಾ, ಊರಿನವರು ನೋಡಲಿ ಅಂತ."

"ಮದುವೆ ಇಲ್ಲದೆ ಹಸೆ ಬರೆಯದು ಹ್ಯಾಂಗೆ? ಬಾಸಿಂಗ ಬಿಟ್ಟು ಬಾಕಿದ್ದು ಬರಿತೆ."

ಹಾಗೇ ಮಾಡಿದರು. ತೇರು, ಹಕ್ಕಿ, ಎಳೆ ಎಲ್ಲ ಬಂತು. ನಡುವಿನ ಜಾಗ ಖಾಲಿ. ಆ ಖಾಲಿ ಜಾಗದ ಪಕ್ಕ ನಾವೊಂದು ಚೀಟಿ ಹಚ್ಚಿ, ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆವು. ಜನ ಜಾಸ್ತಿ ಹೊತ್ತು ನಿಂತದ್ದು ಅಲ್ಲೇ.

ಇನ್ನೊಂದು ಗಮನಿಸಿದೆವು. ಅರ್ಧ ಆಗಿರುವ ಕೆಲಸ ನೋಡಿ ಹೋದವರು ಮತ್ತೆ ಬರುತ್ತಾರೆ. "ಇವತ್ತು ಎಲ್ಲಿಗೆ ಬಂತು?" ಅಂತ ಬಾಗಿಲಲ್ಲೇ ಕೇಳುತ್ತಾರೆ. ಹಾಲು ಹಾಕಲು ಬರುವವನು, ಪಕ್ಕದ ಮೆಡಿಕಲ್ ಶಾಪಿನ ಹುಡುಗಿ, ಎಲ್ಲರೂ ಒಂದು ಸುತ್ತು ಹಾಕಿ ಹೋದರು. ಹಣದ ವಿಷಯ ಹೇಳಬೇಕು. ಬರೆದ ಹೆಂಗಸರಿಗೆ ಅಡಿಕೆ ಸುಲಿಯಲು ಹೋದರೆ ಸಿಗುವ ಕೂಲಿಗಿಂತ ಜಾಸ್ತಿಯನ್ನು ಅವತ್ತವತ್ತೇ ಸಂಜೆ ಕೈಗೆ ಕೊಟ್ಟೆವು. ಶಾಲು ಹೊದಿಸಿ, ಹಾರ ಹಾಕಿ, ಬಸ್ ಚಾರ್ಜ್ ಕೊಟ್ಟು ಕಳಿಸುವ ಪದ್ಧತಿ ನನಗೆ ಸೇರುವುದಿಲ್ಲ.

ಶಾಲಿನ ಮಾತು ಬಂತಲ್ಲ, ಉದ್ಘಾಟನೆಯ ಬಗ್ಗೆ ಎರಡು ಮಾತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷರು, ವಂದನಾರ್ಪಣೆ. ಇಷ್ಟೂ ಹೊತ್ತು ಜನ ಚಿತ್ರಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ. ನಾವು ವೇದಿಕೆಯನ್ನೇ ತೆಗೆದೆವು. ಚಿತ್ರ ಬರೆದವರು ಜನರನ್ನು ಕರೆದುಕೊಂಡು ಒಂದು ಸುತ್ತು ಬರುತ್ತಾರೆ, ಅದೇ ಉದ್ಘಾಟನೆ. ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲ ಅಂತ ಮುನಿಸಿಕೊಂಡವರಿದ್ದಾರೆ. ಮುಂದಿನ ಸಲ ಐದು ಗಂಟೆಗೆ ಒಂದು ಚಿತ್ರದ ಬಗ್ಗೆ ಮಾತಾಡಿ ಸಾರ್ ಅಂತ ಕರೆದರೆ ಕೆಲವರು ಬರುತ್ತಾರೆ. ಕೆಲವರು ಬರುವುದಿಲ್ಲ.

ತೂಗುಹಾಕುವ ಕೆಲಸ ನನ್ನ ಪಾಲಿನದು. ನಮ್ಮದು ಜಂಬಿಟ್ಟಿಗೆ ಗೋಡೆ, ಸುಣ್ಣದ ಗಾರೆ. ಮೊಳೆ ಹೊಡೆದರೆ ಪುಡಿ ಉದುರುತ್ತದೆ. ಅದಕ್ಕೆ ಮೇಲೆ ಜಂತಿಗೆ ಉದ್ದಕ್ಕೂ ಜಿಐ ಪೈಪ್ ಕಟ್ಟಿ, ಅದರಿಂದ ತೆಳು ಉಕ್ಕಿನ ತಂತಿ ಇಳಿಬಿಟ್ಟೆವು. ಗೋಡೆಗೆ ಒಂದು ತೂತೂ ಇಲ್ಲ. ಚಿತ್ರದ ಮಧ್ಯಭಾಗ ನೆಲದಿಂದ 57 ಇಂಚಿಗೆ ಬರಬೇಕು, ಅಂದರೆ 4 ಅಡಿ 9 ಇಂಚು. ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲದರ ಮಧ್ಯ ಅಲ್ಲೇ. ಲೆಕ್ಕ ಸುಲಭ. ಫ್ರೇಮ್ ಎತ್ತರ 24 ಇಂಚು ಇದ್ದರೆ ಅದರ ಅರ್ಧ 12. ಹಿಂದಿನ ತಂತಿ ಎಳೆದು ಹಿಡಿದಾಗ ಫ್ರೇಮ್‌ನ ತುದಿಯಿಂದ 3 ಇಂಚು ಕೆಳಗೆ ನಿಂತರೆ, 57ಕ್ಕೆ 12 ಕೂಡಿ 3 ಕಳೆಯಿರಿ. ಕೊಕ್ಕೆ 66 ಇಂಚಿಗೆ. ಮಕ್ಕಳ ಪ್ರದರ್ಶನಕ್ಕೆ ಎಲ್ಲವನ್ನೂ ಅವರ ಕಣ್ಣಿನ ಮಟ್ಟಕ್ಕೆ ಇಳಿಸುತ್ತೇವೆ. ದೊಡ್ಡವರು ಬಗ್ಗಲಿ. ಫ್ರೇಮ್‌ನ ಕೆಳಗಿನ ಎರಡು ಮೂಲೆಗೆ ಹಿಂದೆ ಬೆಂಡಿನ ಚೂರು ಅಂಟಿಸಿ. ಗೋಡೆಗೂ ಫ್ರೇಮ್‌ಗೂ ನಡುವೆ ಗಾಳಿ ಆಡಿದರೆ ತೇವ ಕೂರುವುದಿಲ್ಲ.

ಬೆಳಕು ಇನ್ನೊಂದು ತಲೆನೋವು. ಟ್ಯೂಬ್‌ಲೈಟ್ ಹಾಕಿದರೆ ಗಾಜಿನಲ್ಲಿ ನೋಡುವವರ ಮುಖವೇ ಕಾಣುತ್ತದೆ. 3000 ಕೆಲ್ವಿನ್‌ನ, ಅಂದರೆ ಕೊಂಚ ಹಳದಿ ಬೆಳಕಿನ, ಎಲ್‌ಇಡಿ ಸ್ಪಾಟ್ ಲೈಟನ್ನು ಮೇಲಿನಿಂದ ಸುಮಾರು 30 ಡಿಗ್ರಿ ಓರೆಗೆ ಬಿಟ್ಟರೆ ಪ್ರತಿಫಲನ ಕಮ್ಮಿ. ಜಲವರ್ಣ, ಹಳೇ ಕಾಗದ, ಬಟ್ಟೆಗೆ ಮ್ಯೂಸಿಯಂಗಳು ಬೆಳಕನ್ನು 50 ಲಕ್ಸ್ ದಾಟಿಸುವುದಿಲ್ಲ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ). ತೈಲವರ್ಣಕ್ಕೆ 200ರವರೆಗೆ ನಡೆಯುತ್ತದೆ. ಫೋನಿನ ಆ್ಯಪ್‌ನಲ್ಲೇ ಅಂದಾಜು ಅಳೆಯಬಹುದು. ಕರೆಂಟ್ ಹೋದಾಗ ನಮ್ಮನ್ನು ಕಾಯುವುದು ಮಾಡಿನ ಗಾಜಿನ ಹೆಂಚು. ಅದರಿಂದ ನೇರ ಬಿಸಿಲು ಬೀಳದ ಹಾಗೆ ಕೆಳಗೆ ತೆಳುವಾದ ಬಿಳಿ ಪಂಚೆ ಕಟ್ಟಿದ್ದೇವೆ.

ನನಗೆ ತುಂಬಾ ಇಷ್ಟವಾದ ಪ್ರದರ್ಶನಕ್ಕೆ ಒಬ್ಬ ಕಲಾವಿದರನ್ನೂ ಕರೆದಿರಲಿಲ್ಲ. "ನಿಮ್ಮ ಮನೆ ಗೋಡೆಯ ಚಿತ್ರ ತನ್ನಿ" ಅಂತ ಊರಿಗೆ ಹೇಳಿದೆವು, ಅಷ್ಟೇ. ಫ್ರೇಮ್ ರಿಪೇರಿಗೆ ಬರುವ ಚಿತ್ರಗಳನ್ನು ನೋಡಿ ನೋಡಿ ನನಗೆ ಈ ಆಸೆ ಇತ್ತು. ಬಂತು ನೋಡಿ! ಅಜ್ಜಿ ಹಾಕಿದ ಕಸೂತಿ, ಕಪ್ಪುಬಿಳುಪು ಮದುವೆ ಫೋಟೋ, ಹಳೇ ಕ್ಯಾಲೆಂಡರ್ ದೇವರು, ಜರಿ ಚಮಕಿ ಅಂಟಿಸಿದ ಲಕ್ಷ್ಮಿ, ಸರಸ್ವತಿ. ಇವುಗಳಲ್ಲಿ ರವಿವರ್ಮನ ಪ್ರೆಸ್ಸಿನ ಮುದ್ರಣಗಳೂ ಇದ್ದವು. ಆ ಪ್ರೆಸ್ 1894ರಲ್ಲಿ ಮುಂಬೈನಲ್ಲಿ ಶುರುವಾಯಿತು, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. 1901ರಲ್ಲಿ ಅದನ್ನು ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿದರು. ಮನೆಯಲ್ಲಿರುವುದು ಹಳೇ ಕಲ್ಲಚ್ಚಿನದೋ (ಲಿಥೋಗ್ರಾಫ್) ಈಚಿನ ಆಫ್‌ಸೆಟ್ ನಕಲೋ ಅಂತ ತಿಳಿಯಲು ಭೂತಗನ್ನಡಿ ಸಾಕು. ಆಫ್‌ಸೆಟ್‌ನಲ್ಲಿ ಚುಕ್ಕೆಗಳು ಸಾಲಾಗಿ ಒಂದೇ ಸಮ ಇರುತ್ತವೆ. ಕಲ್ಲಚ್ಚಿನಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿ. ಹಾಲ್‌ನಲ್ಲಿ ದಾರಕ್ಕೆ ಕಟ್ಟಿ ಒಂದು ಭೂತಗನ್ನಡಿ ಇಟ್ಟೆವು. ಮಕ್ಕಳು ಅದನ್ನು ಬಿಡಲೇ ಇಲ್ಲ.

ಇಲ್ಲಿ ಮೂರು ಗಂಟೆಯ ಸಮಸ್ಯೆ ತಾನಾಗಿ ಬಗೆಹರಿಯಿತು. ಚಿತ್ರ ಕೊಟ್ಟವರು ತಮ್ಮ ಚಿತ್ರದ ಪಕ್ಕ ಬಂದು ನಿಲ್ಲುತ್ತಿದ್ದರು. ನೆಂಟರನ್ನು ಕರೆತರುತ್ತಿದ್ದರು. ಪಕ್ಕದ ಮನೆಯವರ ಚಿತ್ರ ತಮ್ಮದಕ್ಕಿಂತ ಚೆನ್ನಾಗಿರುವ ಜಾಗದಲ್ಲಿದೆ ಅಂತ ತಕರಾರೂ ಬಂತು. ಎರವಲು ಪಡೆಯುವಾಗ ಒಂದು ಕಟ್ಟುನಿಟ್ಟು ಬೇಕು. ಚಿತ್ರದ ಹಿಂದೆ ಮುಂದೆ ಫೋನಿನಲ್ಲಿ ಫೋಟೋ ತೆಗೆದು, ಎಲ್ಲಿ ಹರಿದಿದೆ, ಎಲ್ಲಿ ಹುಳು ತಿಂದಿದೆ ಅಂತ ಎರಡು ಪ್ರತಿ ರಸೀದಿ ಬರೆದು, ಅವರ ಸಹಿ ನಮ್ಮ ಸಹಿ ಎರಡೂ ಹಾಕಿಸುತ್ತೇವೆ. ಗುರುತಿನವರ ಹತ್ತಿರ ಸಹಿ ಕೇಳುವುದು ಮುಜುಗರ ಅಲ್ವಾ ಅನ್ನುತ್ತಾರೆ. ಮುಜುಗರವೇ. ಆದರೂ ಕೇಳಿ.

ಶಾಲೆಯ ಮಕ್ಕಳ ವಿಷಯದಲ್ಲಿ ಒಂದೇ ಸೂಚನೆ. ಅವರನ್ನು ಸಾಲಾಗಿ ನಡೆಸಿಕೊಂಡು ಹೋಗಬೇಡಿ. ಆ ಸಾಲು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೊರಗಿರುತ್ತದೆ. ಒಬ್ಬೊಬ್ಬರಿಗೆ ಒಂದು ಪೆನ್ಸಿಲ್, ಒಂದು ಕಾರ್ಡು ಕೊಟ್ಟು, ಇಷ್ಟವಾದ ಒಂದು ಚಿತ್ರದ ಮುಂದೆ ಸುಮ್ನೆ ಕೂರಿಸಿ.

ಮಾರಾಟ ನಮ್ಮಲ್ಲಿ ಕಮ್ಮಿ. ಬೆಲೆಯನ್ನು ಮುಚ್ಚಿಡದೆ ಚೀಟಿಯಲ್ಲೇ ಬರೆಯುತ್ತೇವೆ. ಕೇಳಲು ನಾಚಿಕೊಂಡು ಹೋಗುವವರೇ ಜಾಸ್ತಿ. ನೂರಕ್ಕೆ ಹದಿನೈದು ಗ್ಯಾಲರಿಗೆ, ಉಳಿದದ್ದು ಬರೆದವರಿಗೆ. ಮಾರಾಟವಾದದ್ದಕ್ಕೆ ಕೆಂಪು ಚುಕ್ಕಿ ಹಚ್ಚಿದರೆ, ಇದಕ್ಕೆ ಬಹುಮಾನ ಬಂದಿದೆಯಾ ಅಂತ ಕೇಳಿದರು. ಈಗ "ಮಾರಾಟವಾಗಿದೆ" ಅಂತಲೇ ಬರೆಯುತ್ತೇವೆ. ಬಾಡಿಗೆ, ಕರೆಂಟ್ ಬಿಲ್ಲು ಇದರಿಂದ ಹುಟ್ಟುವುದಿಲ್ಲ. ರಜೆಯಲ್ಲಿ ಮೇಷ್ಟ್ರು ನಡೆಸುವ ಚಿತ್ರಕಲೆ ಕ್ಲಾಸಿನ ಫೀಸು, ಊರಿನ ಕೆಲವರು ತಿಂಗಳಿಗೆ ಇಷ್ಟು ಅಂತ ಕೊಡುವ ವಂತಿಗೆ, ಇವೆರಡರಿಂದ ನಡೆಯುತ್ತಿದೆ. ಲೆಕ್ಕವನ್ನು ಮೇಡಂ ತಿಂಗಳ ಕೊನೆಗೆ ಬಾಗಿಲಿಗೇ ಅಂಟಿಸುತ್ತಾರೆ. ಹಾಗೆ ಅಂಟಿಸಲು ಶುರು ಮಾಡಿದ ಮೇಲೆ ವಂತಿಗೆ ಕೇಳುವುದು ಸುಲಭವಾಗಿದೆ.

ಇನ್ನೂ ಬಗೆಹರಿಯದೇ ಇರುವುದು ಕಾಯುವವರ ಪ್ರಶ್ನೆ. ಬೆಳಿಗ್ಗೆ ನಾನು ಅಂಗಡಿಯಿಂದಲೇ ಕಣ್ಣಿಟ್ಟಿರುತ್ತೇನೆ. ಮಧ್ಯಾಹ್ನ ಗ್ಲಾಸ್ ಕತ್ತರಿಸುವ ಕೆಲಸ ಇದ್ದರೆ ಎದ್ದು ಬರಲು ಆಗುವುದಿಲ್ಲ. ಈ ಸಲ ಕಾಲೇಜಿನ ಇಬ್ಬರು ಹುಡುಗಿಯರು ಸರದಿ ಮೇಲೆ ಕೂರಲು ಒಪ್ಪಿದ್ದಾರೆ. ಅವರಿಗೆ ಗಂಟೆಗೆ ಎಷ್ಟು ಕೊಡಬೇಕು ಅಂತ ನಾಲ್ವರಲ್ಲಿ ಇನ್ನೂ ಚರ್ಚೆ ನಡೆದಿದೆ. ಕೊಡಬೇಕು ಅನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ.