ಮಹಡಿ ಮೇಲೆ ಅಮೆರಿಕದವರು ಇಳಿದರೆ

ಮೈಸೂರಿನ ಗೋಕುಲಂನಲ್ಲಿ ನಮ್ಮ ಮನೆ. ಮಹಡಿ ಮೇಲೆ ಎರಡು ರೂಮು, ಒಂದು ಪುಟ್ಟ ಅಡುಗೆಮನೆ. 2007ರಿಂದ ಅದನ್ನು ಯೋಗ ಕಲಿಯೋಕೆ ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಬೆಳಗಿನ ತಿಂಡಿ ಕೆಳಗೆ, ನಮ್ಮ ಜೊತೆಗೆ. ಅಕ್ಕಪಕ್ಕದ ಮನೆಗಳ ಬಾಡಿಗೆದಾರರೂ ತಿಂಡಿಗೆ ಇಲ್ಲಿಗೇ ಬರುತ್ತಾರೆ. ಹಾಗಾಗಿ ಒಂದೇ ಮೇಜಿನ ಸುತ್ತ ಜರ್ಮನಿ, ಜಪಾನ್, ಬ್ರೆಜಿಲ್, ಅಮೆರಿಕ ಎಲ್ಲ ಕೂತಿರುತ್ತವೆ. ಅಮೆರಿಕದವರು ಎದ್ದು ಹೋದ ಮೇಲೆ ಉಳಿದವರು ಅವರ ಬಗ್ಗೆ ಏನೇನು ಮಾತಾಡುತ್ತಾರೆ ಅನ್ನೋದು ದೋಸೆ ಹಾಕುತ್ತಾ ನಿಂತ ನನಗೆ ಚೆನ್ನಾಗಿ ಗೊತ್ತು.

ಮೊನ್ನೆ ಹಿಂದಿನ ಬೀದಿಯ ಹೊಸ ಮನೆಯವರು ಬಂದು, "ಅಕ್ಕಾ, ನಮಗೂ ಒಬ್ರು ಅಮೆರಿಕದವರು ಬುಕ್ ಮಾಡಿದ್ದಾರೆ, ಅವರ ಜೊತೆ ಹೇಗಿರ್ಬೇಕು?" ಅಂತ ಕೇಳಿದರು. ಗೇಟಿನ ಹತ್ತಿರ ನಿಂತು ಹೇಳಿ ಮುಗಿಯಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ತಾರೀಖು. ಅವರು 12/3 ಅಂತ ಬರೆದರೆ ಅದು ಮಾರ್ಚ್ 12 ಅಲ್ಲ, ಡಿಸೆಂಬರ್ 3. ಅವರಿಗೆ ತಿಂಗಳು ಮೊದಲು, ದಿನ ಆಮೇಲೆ. ಇದು ನನಗೆ ಗೊತ್ತಾಗಿದ್ದು ಒಂದು ಡಿಸೆಂಬರ್ ರಾತ್ರಿ ಎರಡೂವರೆಗೆ, ಬೆಂಗಳೂರು ಏರ್‌ಪೋರ್ಟ್‌ನಿಂದ ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತಾಗ. ಮಹಡಿಯ ಎರಡೂ ರೂಮು ಭರ್ತಿ. ಒಳಗಿನ ಚಿಕ್ಕ ಕೋಣೆಯಲ್ಲಿ ದಸರಾ ಬೊಂಬೆಗಳ ಪೆಟ್ಟಿಗೆ ಪೇರಿಸಿಟ್ಟಿದ್ದೆವು. ಅದರ ನಡುವೆ ಮಡಿಸೋ ಮಂಚ ಹಾಕಿ, ಸೊಳ್ಳೆ ಪರದೆ ಕಟ್ಟಿ ಮಲಗಿಸಿದೆ. ನಾಚಿಕೆಯಿಂದ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಆ ಹುಡುಗಿ ಇಡ್ಲಿ ಮುಂದೆ ಕೂತು ಎಲ್ಲರಿಗೂ ಹೇಳಿದಳು: "ನನ್ನ ಜೀವನದಲ್ಲೇ ಇಷ್ಟು ಅದ್ಭುತ ರಾತ್ರಿ ಕಳೆದಿಲ್ಲ!"

ಎದುರಿಗಿದ್ದ ಜರ್ಮನಿಯ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಆಕೆ ಪೆಟ್ಟಿಗೆಗಳ ಮಧ್ಯೆ ಮಲಗಿದ್ದು ತಾನೇ? ಸುಳ್ಳು ಯಾಕೆ ಹೇಳೋದು?" ಅಂತ ಕೇಳಿದರು.

ಸುಳ್ಳಲ್ಲ ಅದು. ಡಾಲರಿಗೆ ಒಂದು ರೇಟು ಇರೋ ಹಾಗೆ ಅಮೆರಿಕದವರ ಮಾತಿಗೂ ಒಂದು ರೇಟು ಇದೆ. ಅಮೇಜಿಂಗ್ ಅಂದರೆ ಚೆನ್ನಾಗಿದೆ. ಗ್ರೇಟ್ ಅಂದರೆ ಸರಿ. ಗುಡ್ ಅಂದರೆ ಪರವಾಗಿಲ್ಲ. ಇಂಟರೆಸ್ಟಿಂಗ್ ಅಂದರೆ ನಾಳೆಯಿಂದ ಅದನ್ನು ಮಾಡಬೇಡಿ. ಹಾಗಲಕಾಯಿ ಗೊಜ್ಜಿಗೆ ನನಗೆ ನಾಲ್ಕು ಸಲ ಇಂಟರೆಸ್ಟಿಂಗ್ ಸಿಕ್ಕಿದೆ. ಜರ್ಮನಿಯವರ ರೇಟು ಉಲ್ಟಾ. ಅದೇ ಮೇಷ್ಟ್ರು ನನ್ನ ಮಸಾಲೆ ದೋಸೆ ತಿಂದು "ನಾಟ್ ಬ್ಯಾಡ್" ಅಂದರು, ಇನ್ನೂ ಎರಡು ಹಾಕಿಸಿಕೊಂಡರು.

ಬಂದ 24 ಗಂಟೆಯೊಳಗೆ ವಿದೇಶಿ ಅತಿಥಿಯ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಗೋಕುಲಂನಲ್ಲಿ ನಾವೆಲ್ಲ ಸಿ-ಫಾರ್ಮ್ ಅಂತ ಕರೆಯೋದು ಇದನ್ನೇ. ಪಾಸ್‌ಪೋರ್ಟ್ ಕೇಳೋಕೆ ಮುಜುಗರ ಬೇಡ. ಕಾರಣ ಹೇಳಿ ಕೇಳಿದರೆ ಅಮೆರಿಕದವರು ತಕ್ಷಣ ಕೊಡುತ್ತಾರೆ. ಅಲ್ಲಿಯೂ ಹುಟ್ಟಿದ ತಾರೀಖು ನೋಡಿ ಬರೆಯಿರಿ. ಪಾಸ್‌ಪೋರ್ಟಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಹಾಕಿರುತ್ತಾರೆ, ಪುಣ್ಯ. ಬುಕಿಂಗ್ ಮೆಸೇಜಿನಲ್ಲಿ ನೀವೂ ಹಾಗೇ ಮಾಡಿ.

ಇನ್ನು ಅವರ "ಹೌ ಆರ್ ಯೂ". ಯುರೋಪಿನವರಿಗೆಲ್ಲ ಇದರ ಮೇಲೆ ಕೋಪ. ಕೇಳುತ್ತಾರೆ, ಉತ್ತರಕ್ಕೆ ನಿಲ್ಲೋದಿಲ್ಲ, ಮೆಟ್ಟಿಲು ಹತ್ತಿ ಹೋಗಿಬಿಡುತ್ತಾರೆ ಅಂತ. ರಷ್ಯಾದ ಹೆಂಗಸೊಬ್ಬರು, ಗುರುತಿಲ್ಲದವರನ್ನು ನೋಡಿ ಸುಮ್ನೆ ನಗೋದು ತಮ್ಮೂರಿನಲ್ಲಿ ದಡ್ಡತನ ಅಂದರು. ನನಗೆ ಮಾತ್ರ ಇದು ಮೊದಲ ದಿನದಿಂದಲೂ ಅರ್ಥ ಆಯ್ತು. ಬೆಳಗ್ಗೆ ಹನ್ನೊಂದಕ್ಕೆ ಎದುರುಮನೆಯವರನ್ನು "ಊಟ ಆಯ್ತಾ?" ಅಂತ ನಾವು ಕೇಳೋದಿಲ್ವಾ? ಇಲ್ಲ ಅಂದರೆ ಬಡಿಸೋಕೆ ರೆಡಿ ಇರುತ್ತೇವಾ? ಅದೇ ಇದು. ಅವರು ಕೇಳಿದರೆ "ಗುಡ್, ಗುಡ್" ಅನ್ನಿ, ಸಾಕು. ಮಂಡಿನೋವಿನ ಕಥೆ ಶುರು ಮಾಡಬೇಡಿ.

ಆದರೆ ಅವರೇ ತಮ್ಮ ಕಥೆ ಶುರು ಮಾಡಿದರೆ ಗಾಬರಿ ಬೀಳಬೇಡಿ. ಮೊದಲ ಕಾಫಿಗೇ ಡೈವೋರ್ಸು, ಅಪ್ಪನ ಕುಡಿತ, ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದು ಎಲ್ಲ ಹೇಳುತ್ತಾರೆ. ಇಷ್ಟು ಹೇಳಿದವರು ಮನೆಮಗಳೇ ಆಗಿಬಿಟ್ಟರು ಅಂತ ನಾನು ಅಂದುಕೊಂಡಿದ್ದೆ. ಊರಿಗೆ ಹೋದ ಮೇಲೆ ಒಂದು ಮೆಸೇಜೂ ಇಲ್ಲ. ಜರ್ಮನಿಯ ಮೇಷ್ಟ್ರು ಆರು ವಾರ ಇದ್ದರೂ ಅವರಿಗೆ ಮಕ್ಕಳಿದ್ದಾರಾ ಅನ್ನೋದೇ ತಿಳಿಯಲಿಲ್ಲ. ಆದರೆ ಹತ್ತು ವರ್ಷದಿಂದ ಯುಗಾದಿಗೆ ತಪ್ಪದೇ ಕಾರ್ಡ್ ಹಾಕುತ್ತಾರೆ. ಹಾಗಂತ ಅಮೆರಿಕದವರೆಲ್ಲ ಮರೆಯುತ್ತಾರೆ ಅಂತ ಅಲ್ಲ. ಬೊಂಬೆ ಪೆಟ್ಟಿಗೆಗಳ ನಡುವೆ ಮಲಗಿದ ಆ ಹುಡುಗಿ ಮೂರು ಸಲ ವಾಪಸ್ ಬಂದಿದ್ದಾಳೆ, ಪ್ರತಿ ಸಲವೂ ಅದೇ ಕೋಣೆ ಕೇಳುತ್ತಾಳೆ.

ತಮ್ಮ ಕಥೆ ಅವರು ಹೇಳಬಹುದು, ನಾವು ಕೇಳಬಾರದು. ಸಂಬಳ ಎಷ್ಟು, ವಯಸ್ಸೆಷ್ಟು, ಮದುವೆ ಯಾಕಾಗಿಲ್ಲ, ಯಾವ ಧರ್ಮ ಇವು ನಾಲ್ಕೂ ಬೇಡ. ಯಾವ ರಾಜ್ಯ ಅಂತ ಧಾರಾಳವಾಗಿ ಕೇಳಿ, ಖುಷಿ ಪಡುತ್ತಾರೆ. ನಿಮ್ಮೂರು ಯಾವುದು ಅಂದರೆ ಎಲ್ಲರೂ ದೇಶದ ಹೆಸರು ಹೇಳುತ್ತಾರೆ. ಇವರು ಮಾತ್ರ "ಓಹಿಯೋ" ಅಂತಾರೆ, ಜಗತ್ತಿಗೆಲ್ಲ ಗೊತ್ತಿರೋ ಹಾಗೆ. ಉಳಿದವರಿಗೆ ಇದೂ ಜಂಬ ಅನ್ನಿಸುತ್ತದೆ. ಹೊರಗಿನ ಪ್ರಪಂಚವೇ ಇವರಿಗೆ ಗೊತ್ತಿಲ್ಲ ಅಂತ ನಾರ್ವೆಯವನೊಬ್ಬ ಯಾವಾಗಲೂ ಆಡಿಕೊಳ್ಳುತ್ತಿದ್ದ. ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕಿಗೆ ವಿಮಾನದಲ್ಲೇ ಸುಮಾರು 5 ಗಂಟೆ ಬೇಕಂತೆ. ಅಷ್ಟು ಹೊತ್ತಿಗೆ ಅವನ ಕಡೆ ಎಷ್ಟೋ ದೇಶ ದಾಟಿಬಿಡಬಹುದು. ನಾನು ಅದನ್ನೇ ಹೇಳಿದೆ. ಅವನು ಒಪ್ಪಲಿಲ್ಲ, ಚಟ್ನಿ ಕೇಳಿದ.

ಅರ್ಜೆಂಟೀನಾ, ಬ್ರೆಜಿಲ್ ಕಡೆಯವರ ಮುಂದೆ ಇನ್ನೊಂದು ಎಚ್ಚರಿಕೆ. "ಅಮೆರಿಕದವರು" ಅಂದರೆ ಅವರಿಗೆ ಚುಚ್ಚುತ್ತದೆ. "ನಾವೂ ಅಮೆರಿಕದವರೇ ಅಲ್ವಾ, ಅದು ಇಡೀ ಖಂಡದ ಹೆಸರು" ಅಂತಾರೆ. ಅವರಿದ್ದಾಗ ನಾನು ಯುಎಸ್ ಅನ್ನುತ್ತೇನೆ. ಬ್ಯಾಗಿನ ಮೇಲೆ ಕೆಂಪು ಮೇಪಲ್ ಎಲೆ ಹೊಲಿದುಕೊಂಡು ಬಂದವರನ್ನಂತೂ ಅಮೆರಿಕದವರಾ ಅಂತ ಕೇಳಲೇಬೇಡಿ. ಕೆನಡಾದವರು ಅದನ್ನು ಹೊಲಿದುಕೊಳ್ಳೋದೇ ಯಾರೂ ಹಾಗೆ ಕೇಳದಿರಲಿ ಅಂತ.

ಗೋಕುಲಂನವರು ಗಮನಿಸಬೇಕಾದ ಇನ್ನೊಂದು ಇದೆ. ಈ ಬೀದಿಗಳಿಗೆ ಡಾಲರ್ ಬಂದಿದ್ದೇ ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರಿಂದ. ಅಮೆರಿಕದ ಯುವಕ ಯುವತಿಯರು ಲಕ್ಷ್ಮೀಪುರಂನ ಅವರ ಮನೆ ಹುಡುಕಿಕೊಂಡು ಬಂದಿದ್ದು 70ರ ದಶಕದ ಶುರುವಿನಲ್ಲಿ. 1975ರಲ್ಲಿ ಜೋಯಿಸರೇ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದರು. ಅವರ ಯೋಗಶಾಲೆ ಗೋಕುಲಂಗೆ ಬಂದಿದ್ದು ತುಂಬಾ ಆಮೇಲೆ. ಹಾಗಾಗಿ ಅಷ್ಟಾಂಗ ಯೋಗವನ್ನು ಜಗತ್ತಿಗೆ ತೋರಿಸಿದವರು ನಾವೇ ಅನ್ನೋ ಧಾಟಿಯಲ್ಲಿ ಕೆಲವು ಅಮೆರಿಕದವರು ಮಾತಾಡುತ್ತಾರೆ. ಬೆಲ್ಜಿಯಂನವರೊಬ್ಬರು ನಮ್ಮಲ್ಲಿ ಇಳಿದಿದ್ದಾಗ ಇದನ್ನು ಕೇಳಿ ಎದ್ದು ನಿಂತರು. 1964ರಲ್ಲೇ ಆಂದ್ರೆ ವಾನ್ ಲೀಸ್‌ಬೆತ್ ಬಂದು ಕಲಿತಿದ್ದರಲ್ಲ, ಅವರು ಬೆಲ್ಜಿಯಂನವರು! ಮೈಸೂರಿನವರದ್ದು ಮೈಸೂರಿನವರಿಗೆ ಬಿಡಿ ಅಂತ ನಮ್ಮ ಯಜಮಾನರು ಪೇಪರ್ ಹಿಂದಿನಿಂದಲೇ ಹೇಳಿದರು.

ಈಗ ಮುಖ್ಯವಾದದ್ದು. ಅಮೆರಿಕದವರಿಗೆ ಸೂಚನೆ ತಿಳಿಯೋದಿಲ್ಲ, ಬಿಡಿಸಿ ಹೇಳಬೇಕು. ಒಬ್ಬ ಹುಡುಗ ರಾತ್ರಿ ಹತ್ತೂವರೆ ಆದ ಮೇಲೆ ಬಾಲ್ಕನಿಯಲ್ಲಿ ನಿಂತು ಆಫೀಸ್ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಒಂಬತ್ತು. ಬೆಳಗ್ಗೆ ನಾನು, "ರಾತ್ರಿ ಎಚ್ಚರವಾಗಿದ್ಯಾ ಅಂತ ಕಾಣತ್ತೆ" ಅಂದೆ. ಯಾವ ಮೈಸೂರಿನವರಿಗಾದರೂ ಇಷ್ಟು ಸಾಕು. ಅವನು ನಗುತ್ತಾ, "ಹೌದು, ಮೀಟಿಂಗ್ ತುಂಬಾ ಚೆನ್ನಾಗಾಯ್ತು!" ಅಂದ. ಮೂರನೇ ದಿನ ನೇರವಾಗಿ, "ಹತ್ತರ ಮೇಲೆ ಬಾಲ್ಕನಿಯಲ್ಲಿ ಫೋನ್ ಬೇಡ, ರೂಮಿನ ಒಳಗೆ ಮಾತಾಡು" ಅಂತ ಹೇಳಿದೆ. ಥ್ಯಾಂಕ್ಯೂ ಹೇಳಿದ, ಅವತ್ತಿಗೇ ನಿಲ್ಲಿಸಿದ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಸುಮ್ನೆ ಮೂರು ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದು ನಾನೇ.

ಇದೇ ವಿಷಯಕ್ಕೆ ಜಪಾನಿನವರು ಅಮೆರಿಕದವರನ್ನು ತೀರಾ ಒರಟು ಅಂತಾರೆ, ಮನಸ್ಸಿಗೆ ಬಂದಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ ಅಂತ. ಹಾಲೆಂಡಿನವರನ್ನು ಕೇಳಿ, ಅಮೆರಿಕದವರು ಸಕ್ಕರೆ ಸವರದೆ ಒಂದು ಮಾತೂ ಆಡೋದಿಲ್ಲ ಅಂತಾರೆ. ಹಾಲೆಂಡಿನ ಹುಡುಗಿ ನನ್ನ ಸಾಂಬಾರಿಗೆ "ಉಪ್ಪು ಜಾಸ್ತಿ" ಅಂತ ಎಲ್ಲರ ಎದುರಿಗೇ ಹೇಳಿದವಳು! ಇಬ್ಬರೂ ಹೇಳಿದ್ದು ಒಬ್ಬನ ಬಗ್ಗೆಯೇ, ಆ ಬಾಲ್ಕನಿ ಹುಡುಗನ ಬಗ್ಗೆ.

ಅಂದಹಾಗೆ ಅವನ ರಾತ್ರಿ ಕೆಲಸದ ಬಗ್ಗೆ ಎಲ್ಲರಿಗೂ ಅಯ್ಯೋ ಪಾಪ. ಜರ್ಮನಿಯಲ್ಲಿ ವಾರಕ್ಕೆ 5 ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಅಮೆರಿಕದಲ್ಲಿ ಖಾಸಗಿ ಕೆಲಸದವರಿಗೆ ಅಂಥ ದೇಶಮಟ್ಟದ ಕಾನೂನೇ ಇಲ್ಲ. ಅದಕ್ಕೇ ಲ್ಯಾಪ್‌ಟಾಪ್ ತಂದಿರುತ್ತಾರೆ. ವೈಫೈ ಗಟ್ಟಿ ಇರಲಿ, ಯುಪಿಎಸ್ ಇರಲಿ. ಬಿಸಿನೀರಿಗಿಂತ ಮೊದಲು ಅದನ್ನೇ ಕೇಳುತ್ತಾರೆ.

ಬಡಿಸುವಾಗ ಒತ್ತಾಯ ಮಾಡಬೇಡಿ. ಅವರು ಒಂದು ಸಲ ಬೇಡ ಅಂದರೆ ಬೇಡ. "ಇನ್ನೊಂದೇ ಒಂದು" ಅಂತ ತಟ್ಟೆಗೆ ಹಾಕಿದರೆ ಮುಖ ಸಪ್ಪಗಾಗುತ್ತದೆ. ಇರಾನಿನವರು ನಮ್ಮ ಹಾಗೆ, ಎರಡು ಮೂರು ಸಲ ಬೇಡ ಅಂದು ಆಮೇಲೆ ತಿನ್ನುತ್ತಾರೆ. ಅಮೆರಿಕದವರ ಎದುರು ಕೂತ ಇರಾನಿನ ಹುಡುಗಿಗೆ ನಾನು ಒಂದೇ ಸಲ ಕೇಳಿ ಉಪವಾಸ ಎಬ್ಬಿಸಿದ್ದೂ ಇದೆ. ಗ್ಲುಟನ್, ಅಂದರೆ ಗೋಧಿಯಲ್ಲಿರೋ ಅಂಟಿನ ಅಂಶ, ಬೇಡ ಅಂದರೆ, ಅದು ಕಾಯಿಲೆಗಾ ಇಷ್ಟಕ್ಕಾ ಅಂತ ಕೇಳಿ, ಇದಕ್ಕೆ ಅವರು ಬೇಜಾರು ಮಾಡಿಕೊಳ್ಳೋದಿಲ್ಲ. ಕಾಯಿಲೆ ಆದರೆ ಇಡ್ಲಿ, ದೋಸೆ, ರಾಗಿ ರೊಟ್ಟಿ ಸರಿ, ಉಪ್ಪಿಟ್ಟು ಬೇಡ. ಒಗ್ಗರಣೆಗೆ ಹಾಕೋ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಸೇರಿರುತ್ತದೆ, ಹಿಂಭಾಗ ಓದಿ. ಇದು ನನಗೆ ಹೇಳಿದ್ದು ಅತಿಥಿಯೇ, ಎರಡು ದಿನ ಹೊಟ್ಟೆ ಕೆಟ್ಟ ಮೇಲೆ.

ಜ್ವರ ಬಂದರೆ ಮಾತ್ರ ನಾವೂ ಅಮೆರಿಕದವರೂ ಒಂದೇ ಪಕ್ಷ. ಇಬ್ಬರಿಗೂ ಫ್ಯಾರನ್‌ಹೀಟ್ ಗೊತ್ತು. ಮೇಷ್ಟ್ರಿಗೆ ಒಮ್ಮೆ "ನಿಮಗೆ ನೂರಾ ಒಂದಿದೆ" ಅಂದಾಗ ಅವರು ಸೆಲ್ಸಿಯಸ್‌ನಲ್ಲಿ ನೀರು ಕುದಿಯೋ ಲೆಕ್ಕ ಹಾಕಿ ಬೆಚ್ಚಿಬಿದ್ದಿದ್ದರು.

ಹೆಸರು ಹಿಡಿದು ಕರೆಯುತ್ತಾರೆ. ಅರವತ್ತು ದಾಟಿದ ನನ್ನನ್ನು ಇಪ್ಪತ್ತೈದರ ಹುಡುಗ ಹೆಸರಿನಿಂದ ಕೂಗಿದಾಗ ಯಜಮಾನರ ಹುಬ್ಬು ಮೇಲೇರಿತ್ತು. ಅವರ ಭಾಷೆಯಲ್ಲಿ ನೀನು ನೀವು ಅಂತ ಎರಡಿಲ್ಲ, ಏನು ಮಾಡೋದು? "ಅಮ್ಮ ಅಂತ ಕರಿ" ಅಂದೆ. ಅದಂತೂ ಅವರಿಗೆ ಅಮೇಜಿಂಗ್.

ರಾಜಕೀಯದ ವಿಷಯಕ್ಕೆ ಒಂದು ದಿನದ ಕಥೆ ಹೇಳುತ್ತೇನೆ. 2016ರ ನವೆಂಬರ್ 9. ಹಿಂದಿನ ರಾತ್ರಿ ಎಂಟಕ್ಕೆ 500, 1000ದ ನೋಟು ರದ್ದು ಅಂತ ಟಿವಿಯಲ್ಲಿ ಹೇಳಿದ್ದರು. ಬೆಳಗ್ಗೆ ಬ್ಯಾಂಕಿಲ್ಲ, ಎಟಿಎಂ ಇಲ್ಲ. ಮೇಜಿನ ಸುತ್ತ ಎಲ್ಲರ ಕೈಯಲ್ಲೂ ಕೆಲಸಕ್ಕೆ ಬಾರದ ನೋಟು. ನಾನು ಸಾಸಿವೆ ಡಬ್ಬಿಯಿಂದ ಹತ್ತು, ಐವತ್ತರ ನೋಟು ತೆಗೆದು ಎಲ್ಲರಿಗೂ ಆಟೋ ಚಾರ್ಜಿಗೆ ಹಂಚುತ್ತಿದ್ದೆ. ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಅವರ ಎಲೆಕ್ಷನ್ ಎಣಿಕೆ. ಮಧ್ಯಾಹ್ನದ ಹೊತ್ತಿಗೆ ಟ್ರಂಪ್ ಗೆದ್ದಾಗಿತ್ತು. ಒರೆಗಾನ್‌ನ ಹುಡುಗಿ ಅಳುತ್ತಿದ್ದಳು. ಟೆಕ್ಸಾಸ್‌ನವರು ಸುಮ್ಮನಿದ್ದರು. ಸ್ವಿಟ್ಜರ್‌ಲೆಂಡಿನವರು ಇಬ್ಬರನ್ನೂ ಸೇರಿಸಿ, "ಏನು ಮಾಡಿಬಿಟ್ರಿ ನೀವು?" ಅಂತ ಕೇಳಿದರು. ಟೆಕ್ಸಾಸ್‌ನವರು ಎದ್ದು ಮಹಡಿಗೆ ಹೋದರು.

ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಅವರು ಹೇಳಿದ್ದು ಇಷ್ಟು: "ಎಂಟು ದೇಶ ಸುತ್ತಿದ್ದೀನಮ್ಮಾ. ಎಲ್ಲ ಕಡೆಯೂ ನಾನು ಮನುಷ್ಯ ಅಲ್ಲ, ನಮ್ಮ ಸರ್ಕಾರದ ಕಂಪ್ಲೇಂಟ್ ಕೌಂಟರ್." ಯಾರಿಗೆ ಓಟು ಹಾಕಿದ್ದರು ಅಂತ ನಾನು ಕೇಳಲಿಲ್ಲ. ಅವತ್ತಿನಿಂದ ತಿಂಡಿ ಮೇಜಿನಲ್ಲಿ ಅಧ್ಯಕ್ಷರ ಮಾತಿಲ್ಲ, ಬಂದೂಕಿನ ಮಾತಿಲ್ಲ. ಯಾರಾದರೂ ಶುರು ಮಾಡಿದರೆ, ಅವರೆಕಾಯಿ ಕಾಲವಾದರೆ, ನೆನೆಸಿದ ಕಾಳಿನ ಬೋಗುಣಿ ಮುಂದಿಡಿ. ಹಿತುಕೋದು ಹೇಗೆ ಅಂತ ತೋರಿಸಿ. ಕಾಳು ಚಿಮ್ಮಿ ಎದುರಿಗಿದ್ದವರ ಕನ್ನಡಕಕ್ಕೆ ಬೀಳೋ ಹೊತ್ತಿಗೆ ಮಾತು ಬದಲಾಗಿರುತ್ತದೆ.

ಹೊರಡುವಾಗಿನ ಟಿಪ್ಸಿನ ಬಗ್ಗೆ ಮೊದಲೇ ಯೋಚಿಸಿ. ಅಮೆರಿಕದ ಹೋಟೆಲುಗಳಲ್ಲಿ ಬಿಲ್ಲಿನ ಮೇಲೆ ಶೇಕಡಾ 15ರಿಂದ 20 ಕೊಡೋದು ರೂಢಿ. ಒಬ್ಬರು ನಮ್ಮ ಮನೆಕೆಲಸದಾಕೆಯ ಕೈಗೆ 2000 ಇಟ್ಟು ಹೋದರು. ಮುಂದಿನ ತಿಂಗಳು ಫ್ರಾನ್ಸಿನವರು ಏನೂ ಕೊಡಲಿಲ್ಲ. ಅವರಲ್ಲಿ ಬಿಲ್ಲಿನಲ್ಲೇ ಎಲ್ಲ ಸೇರಿರುತ್ತದೆ, ಜಿಪುಣತನ ಅಲ್ಲ. ಆದರೆ ಆಕೆ ಅವರ ರೂಮು ಗುಡಿಸೋದೇ ಬಿಟ್ಟಳು! ಈಗ ಮೆಟ್ಟಿಲ ಹತ್ತಿರ ಒಂದು ಡಬ್ಬಿ ಇಟ್ಟಿದ್ದೇನೆ. ಯಾರು ಎಷ್ಟು ಹಾಕಿದರು ಯಾರಿಗೂ ಗೊತ್ತಾಗೋದಿಲ್ಲ. ತಿಂಗಳ ಕೊನೆಗೆ ಆಕೆಯೇ ತೆಗೆಯುತ್ತಾಳೆ.

ಗೇಟಿನ ಹತ್ತಿರ ತಬ್ಬಿಕೊಳ್ಳುತ್ತಾರೆ. ಬೇಡ ಅನ್ನಿಸಿದರೆ ಮೊದಲೇ ಕೈಮುಗಿದು ನಿಲ್ಲಿ. ಆಮೇಲೆ ಫ್ರಿಜ್ ನೋಡಿ. ಎಲ್ಲರೂ ಬಿಟ್ಟು ಹೋಗೋದು ಅದೇ ಪೀನಟ್ ಬಟರ್, ಅರ್ಧ ಖಾಲಿಯಾದ ಡಬ್ಬ. ನಮ್ಮಲ್ಲಿ ಈಗ ಮೂರಿವೆ. ಅಕ್ಕಿ ರೊಟ್ಟಿಗೆ ಪರವಾಗಿಲ್ಲ, ಆದರೆ ಯಜಮಾನರು ಮುಟ್ಟೋದಿಲ್ಲ. ಬೇಕಾದವರು ಸಂಜೆ ಆರರ ಮೇಲೆ ಬಂದು ತಗೊಂಡು ಹೋಗಿ.